ದನಿ ಕೂತರೆ ದಿನ ಎಣಿಸಿ: ಗೊಗ್ಗರು ದನಿಯ ಅರ್ಥ, ಕಾರಣ ಮತ್ತು ಮಾಡಬೇಕಾದ್ದು

ನನ್ನ ದನಿ ಕೆಟ್ಟಿದೆ ಅಂತ ಮೊದಲು ಗುರುತಿಸಿದವರು ಫೋನಿನ ಆ ತುದಿಯಲ್ಲಿದ್ದವರು. ಅಡುಗೆ ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದರೆ "ಹೇಳಿ ಸಾರ್" ಅಂದರು. ಮರುವಾರ ಅಕ್ಕನ ಮಗಳು "ಯಾರು ಮಾತಾಡ್ತಿರೋದು?" ಎಂದು ಕೇಳಿದಳು. ನಾನು ಅವಳ ಚಿಕ್ಕಮ್ಮ, ಅವಳನ್ನು ಎತ್ತಿ ಆಡಿಸಿದವಳು.

ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಒಂದು ಕೊಠಡಿಗೆ ತಗಡಿನ ಚಾವಣಿ. ಜೂನ್ ಕಳೆದು ಮಳೆ ಹಿಡಿಯಿತೆಂದರೆ ಆ ಸದ್ದಿನಲ್ಲಿ ಮೂರನೇ ಬೆಂಚಿನವರಿಗೂ ಮಾತು ಕೇಳುವುದಿಲ್ಲ. ಪದ್ಯ ಓದಿಸಬೇಕಾದರೆ ಮಳೆಗಿಂತ ಮೇಲೆ ದನಿ ಎತ್ತಬೇಕು. ಗಂಟಲು ಕಟ್ಟುವುದು ಮೇಷ್ಟರ ಕಸುಬಿನಲ್ಲಿ ಮಾಮೂಲು ಅಂದುಕೊಂಡು ಐದು ತಿಂಗಳು ಕಳೆದೆ. ಔಷಧಿ ಅಂಗಡಿಯಲ್ಲಿ ಎರಡು ಸಲ ಆಂಟಿಬಯಾಟಿಕ್ ಕೊಟ್ಟರು, ನುಂಗಿದೆ. ಒಬ್ಬ ಡಾಕ್ಟರು ಗಂಟಲೊಳಗೆ ಟಾರ್ಚ್ ಬಿಟ್ಟು "ಆಸಿಡಿಟಿ" ಎಂದು ಎರಡು ತಿಂಗಳ ಮಾತ್ರೆ ಬರೆದರು, ಅದನ್ನೂ ನುಂಗಿದೆ. ಐದು ತಿಂಗಳಲ್ಲಿ ಒಬ್ಬರೂ ನನ್ನ ಧ್ವನಿತಂತುಗಳನ್ನು ಕಣ್ಣಾರೆ ನೋಡಿರಲಿಲ್ಲ. ನೋಡಿಸಬೇಕು ಅಂತ ನನಗೂ ಗೊತ್ತಿರಲಿಲ್ಲ.

ಆಗ ಯಾರಾದರೂ ನನಗೆ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿ ನೀವೇ ರೋಗ ತೀರ್ಮಾನಿಸಿಕೊಳ್ಳಬೇಡಿ. ಯಾವಾಗ ಮನೆಯಲ್ಲಿರಬಹುದು, ಯಾವಾಗ ಹೊರಡಬೇಕು, ಹೋದಾಗ ಏನು ಕೇಳಬೇಕು ಎಂಬುದು ತಿಳಿದರೆ ಸಾಕು.

ಮೊದಲು: ನಿಮ್ಮ ದನಿಯನ್ನು ಕೇಳಿಸಿಕೊಳ್ಳಿ

ಗಂಟಲು ಕಟ್ಟಿದೆ, ದನಿ ಕೂತಿದೆ, ದನಿ ಒಡೆದಿದೆ ಅನ್ನುತ್ತೇವೆ. ಕರಾವಳಿಯವರು ಸ್ವರ ಬಿದ್ದಿದೆ ಅನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಸ್ವರಭೇದ ಎಂಬ ಹೆಸರು. ಸುಶ್ರುತ ಸಂಹಿತೆ ಅದರಲ್ಲಿ ಆರು ಬಗೆ ಎಣಿಸಿ, ಕ್ಷಯದಿಂದ ಬರುವುದನ್ನೂ ಒಂದು ಬಗೆಯಾಗಿ ಸೇರಿಸಿದೆ. ದನಿ ಕೆಡುವುದು ತನ್ನಷ್ಟಕ್ಕೆ ಒಂದು ರೋಗವಲ್ಲ, ಬೇರೆ ಯಾವುದೋ ತೊಂದರೆಯ ಗುರುತು ಎಂಬ ತಿಳಿವಳಿಕೆ ಹಳೆಯದು.

ಡಾಕ್ಟರ ಹತ್ತಿರ ಬರೀ "ಗಂಟಲು ಕಟ್ಟಿದೆ" ಅಂದರೆ ಅವರಿಗೆ ಹೆಚ್ಚೇನೂ ಸಿಗುವುದಿಲ್ಲ. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ: ಹೆಸರು, ಊರು, ತಾರೀಖು ಹೇಳಿ, ನಾಲ್ಕು ಸಾಲು ಏನಾದರೂ ಓದಿ, ಕೊನೆಗೆ ಉಸಿರು ತುಂಬಿಕೊಂಡು ಆದಷ್ಟು ಹೊತ್ತು "ಆ" ಎನ್ನಿ. ಆಮೇಲೆ ಕೇಳಿಸಿಕೊಳ್ಳಿ. ಮರಳು ಕಾಗದ ಉಜ್ಜಿದಂತೆ ಒರಟಾಗಿದೆಯೇ? ಮಾತಿನ ಜೊತೆ ಗಾಳಿ ಸೋರುತ್ತಿದೆಯೇ? ಹಿಂಡಿ ತೆಗೆದಂತಿದೆಯೇ? ಸಾಲಿನ ಕೊನೆಗೆ ದನಿ ಸತ್ತೇ ಹೋಗುತ್ತಿದೆಯೇ? ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ಆರೋಗ್ಯವಂತ ದೊಡ್ಡವರು ಸಾಮಾನ್ಯವಾಗಿ 15 ಸೆಕೆಂಡಿಗಿಂತ ಹೆಚ್ಚು ಹೊತ್ತು "ಆ" ಎಳೆಯಬಲ್ಲರು. ನನ್ನದು ಏಳಕ್ಕೆ ನಿಂತಿತ್ತು. ಹತ್ತರೊಳಗೆ ಮುಗಿಯುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ದನಿ ಕೆಟ್ಟ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಆ ಗುರುತನ್ನು ಇಟ್ಟುಕೊಳ್ಳಿ. ಮುಂದಿನದೆಲ್ಲ ನಿಂತಿರುವುದು ಅಲ್ಲಿಂದ ಎಣಿಸುವ ದಿನಗಳ ಮೇಲೆ: ಮೂರು ವಾರವಾದರೂ ದನಿ ಏಳದಿದ್ದರೆ ಡಾಕ್ಟರ ಹತ್ತಿರ ಹೊರಡಬೇಕು.

ಒಳಗೆ ಏನಾಗುತ್ತದೆ

ಗಂಟಲ ಉಬ್ಬಿನ ಮೇಲೆ ಎರಡು ಬೆರಳಿಟ್ಟು "ಊಂ" ಎನ್ನಿ. ಜುಮ್ಮೆನ್ನುತ್ತದಲ್ಲ, ಅಲ್ಲೇ ಒಳಗಿದೆ ಧ್ವನಿಪೆಟ್ಟಿಗೆ. ಅದರೊಳಗೆ ಎದುರುಬದುರು ಎರಡು ಧ್ವನಿತಂತುಗಳು. ತಂತು ಎಂಬ ಹೆಸರು ಕೇಳಿ ವೀಣೆಯ ತಂತಿಯಂತೆ ಊಹಿಸಿಕೊಳ್ಳುತ್ತೇವೆ. ನಿಜವಾಗಿ ಅವು ಒದ್ದೆ ಪೊರೆ ಹೊದ್ದ ಎರಡು ಮೆತ್ತನೆಯ ಮಡಿಕೆಗಳು. ಗಂಡಸರಲ್ಲಿ ಉದ್ದ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಒಂದೂವರೆ. ಉಸಿರಾಡುವಾಗ ಬಾಗಿಲಿನಂತೆ ತೆರೆದಿರುತ್ತವೆ. ಮಾತಾಡುವಾಗ ಒಂದಕ್ಕೊಂದು ಸೇರುತ್ತವೆ, ಶ್ವಾಸಕೋಶದಿಂದ ಬರುವ ಗಾಳಿ ಅವನ್ನು ನಡುಗಿಸುತ್ತದೆ. ಗಂಡಸಿನ ಮಾತಿನಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸಿನಲ್ಲಿ ಇನ್ನೂರರ ಸುಮಾರಿಗೆ ಒಂದನ್ನೊಂದು ತಟ್ಟುತ್ತವೆ.

ನಲವತ್ತು ನಿಮಿಷದ ಒಂದು ಪೀರಿಯಡ್ಡಿನಲ್ಲಿ ನನ್ನ ದನಿ ನಿಜಕ್ಕೂ ಹೊರಟಿದ್ದು ಹದಿನೈದು ನಿಮಿಷ ಅಂತಿಟ್ಟುಕೊಂಡರೂ ಆ ಎರಡು ಮಡಿಕೆಗಳು 1,80,000 ಸಲ ತಟ್ಟಿಕೊಂಡಿರುತ್ತವೆ. ದಿನಕ್ಕೆ ಅಂಥ ಐದಾರು ಪೀರಿಯಡ್. ಈ ಲೆಕ್ಕ ಹಾಕಿದ ದಿನ ನನಗೆ ನನ್ನ ಗಂಟಲಿನ ಮೇಲೆ ಮೊದಲ ಬಾರಿ ಕನಿಕರ ಬಂತು.

ಈ ಎರಡು ಅಂಚುಗಳು ನಯವಾಗಿ, ಒದ್ದೆಯಾಗಿ, ಸಂದಿಲ್ಲದೆ ಸೇರಿದರೆ ದನಿ ಸ್ವಚ್ಛ. ಊದಿಕೊಂಡರೆ ಭಾರವಾಗಿ ನಿಧಾನ ನಡುಗುತ್ತವೆ, ದನಿ ದಪ್ಪವಾಗುತ್ತದೆ. ಅಂಚಿನಲ್ಲಿ ಗಂಟೆದ್ದರೆ ನಡುವೆ ಸಂದು ಉಳಿದು ಗಾಳಿ ಸೋರುತ್ತದೆ. ಒಂದು ಕಡೆಯದು ಅಲುಗಾಡದೇ ಹೋದರೆ ಬಾಗಿಲು ಮುಚ್ಚುವುದೇ ಇಲ್ಲ. ಗೊಗ್ಗರು ದನಿಯ ಬಹುಪಾಲು ಅರ್ಥ ಇಷ್ಟರಲ್ಲಿದೆ.

ಇನ್ನೊಂದು ಮಾತು, ಇದು ನನ್ನ ಐದು ತಿಂಗಳ ಕಷಾಯಗಳಿಗೆಲ್ಲ ಉತ್ತರ. ನುಂಗಿದ ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವ ಗಳಿಗೆಯಲ್ಲಿ ಧ್ವನಿಪೆಟ್ಟಿಗೆ ಮೇಲೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು, ಜೇನು, ಕಷಾಯ ಎಲ್ಲವೂ ಹಿಂದಿನ ಅನ್ನನಾಳಕ್ಕೆ ಇಳಿಯುತ್ತವೆ. ಒಂದು ಹನಿ ತಪ್ಪಿ ಅತ್ತ ಹೋದರೂ ನೆತ್ತಿಗೆ ಹತ್ತಿ ಕೆಮ್ಮುತ್ತೇವೆ. ಬಾಯಿ ತೆರೆಸಿ ಟಾರ್ಚ್ ಹಾಕಿದರೂ ಅವು ಕಾಣುವುದಿಲ್ಲ, ನಾಲಿಗೆಯ ಬುಡದಾಚೆ ಕೆಳಗಿರುತ್ತವೆ. ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟರು 1854ರಲ್ಲಿ ಪ್ಯಾರಿಸ್ಸಿನಲ್ಲಿ ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ಗಂಟಲಲ್ಲಿಟ್ಟು, ಇನ್ನೊಂದು ಕನ್ನಡಿಯಿಂದ ಅದಕ್ಕೆ ಬಿಸಿಲು ಬಿಟ್ಟು, ತಮ್ಮದೇ ಧ್ವನಿತಂತುಗಳು ಹಾಡುವಾಗ ಆಡುವುದನ್ನು ನೋಡಿದರು. ವೈದ್ಯರು ಬಳಸಿದ ಕನ್ನಡಿ ಪರೀಕ್ಷೆ ಅಲ್ಲಿಂದ ಬೆಳೆಯಿತು. ಅದನ್ನು ಸಾಧಿಸಿದವರು ಪಾಠ ಹೇಳುವವರೊಬ್ಬರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ದಿನ ಎಣಿಸದೆ ಹೊರಡಬೇಕಾದ್ದು ಯಾವಾಗ

ಕೆಳಗಿನವು ಇದ್ದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ, ಬೇಕಾದರೆ 108ಕ್ಕೆ ಫೋನ್ ಮಾಡಿ:

- ಉಸಿರಾಟಕ್ಕೆ ಕಷ್ಟ, ಉಸಿರು ಒಳಗೆಳೆಯುವಾಗ ಸೀಟಿಯಂಥ ಸದ್ದು
- ಎಂಜಲನ್ನೂ ನುಂಗಲಾಗದೆ ಜೊಲ್ಲು ಸುರಿಯುವುದು
- ಜೇನೋ ಕಣಜವೋ ಕಚ್ಚಿದ ಮೇಲೆ, ಹೊಸ ಮಾತ್ರೆ ನುಂಗಿದ ಮೇಲೆ ದನಿ ಬದಲಾಗಿ ತುಟಿ, ಮುಖ ಊದಿಕೊಳ್ಳುವುದು
- ದನಿಯ ಜೊತೆ ಬಾಯಿ ಸೊಟ್ಟಗಾಗುವುದು, ತೊದಲು, ಒಂದು ಕೈ ಸೋಲುವುದು
- ಕುತ್ತಿಗೆಗೆ ಪೆಟ್ಟು ಬಿದ್ದ ಮೇಲೆ ದನಿ ಹೋಗುವುದು

ಇನ್ನು ಕೆಲವಕ್ಕೆ ಅಷ್ಟು ಧಾವಂತ ಬೇಡ, ಆದರೆ ಮೂರು ವಾರ ಕಾಯಲೂ ಬೇಡಿ, ಆ ವಾರವೇ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ನುಂಗುವಾಗ ನೋವು, ಕಿವಿಯಲ್ಲಿ ಏನೂ ಇಲ್ಲದಿದ್ದರೂ ಒಂದೇ ಕಿವಿಗೆ ಹೊಡೆಯುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು. ಥೈರಾಯ್ಡ್, ಕುತ್ತಿಗೆ ಅಥವಾ ಎದೆಯ ಆಪರೇಷನ್ ಆದ ಮೇಲೆ, ಐಸಿಯುನಲ್ಲಿ ಗಂಟಲಿಗೆ ನಳಿಕೆ ಹಾಕಿ ತೆಗೆದ ಮೇಲೆ ಬದಲಾದ ದನಿ. ಬೀಡಿ, ಸಿಗರೇಟು ಸೇದುವವರ, ಹಿಂದೆ ಸೇದಿ ಬಿಟ್ಟವರ ಗೊಗ್ಗರು ದನಿ. ಹುಟ್ಟಿದ ಮಗುವಿನ ಅಳುವೇ ಒಡಕಾಗಿದ್ದರೆ ಅದನ್ನೂ ಇದೇ ಸಾಲಿಗೆ ಸೇರಿಸಿ.

ಕಾರಣವನ್ನು ಹುಡುಕುವುದು

ನೆಗಡಿ, ಜ್ವರ, ಮೈಕೈ ನೋವಿನ ಹಿಂದೆಯೇ ಬಂದ ಗೊಗ್ಗರು ಬಹುಪಾಲು ವೈರಸ್ಸಿನದು. ಧ್ವನಿತಂತುಗಳ ಪೊರೆ ಊದಿಕೊಂಡಿರುತ್ತದೆ. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳದೆಯೇ ಕೊಟ್ಟರೂ ಬೇಡ ಅನ್ನಿ.

ಎರಡನೆಯದು ನಮ್ಮಂಥವರದು, ದನಿಯನ್ನು ದುಡಿಸಿಕೊಳ್ಳುವವರದು. ಶಿಕ್ಷಕರು, ಬಸ್ ಕಂಡಕ್ಟರರು, ಸಂತೆಯಲ್ಲಿ ಕೂಗಿ ಮಾರುವವರು, ಪುರೋಹಿತರು, ಹಾಡುಗಾರರು, ರಾತ್ರಿಯಿಡೀ ಪದ ಹೇಳುವ ಯಕ್ಷಗಾನದ ಭಾಗವತರು, ಮಗ್ಗದ ಸದ್ದಿನಲ್ಲಿ ಮಾತಾಡಬೇಕಾದ ನೇಕಾರರು. ಹಾರೆ ಹಿಡಿದು ರೂಢಿಯಿಲ್ಲದ ಕೈ ಮೊದಲ ದಿನ ಕೆಂಪಾಗುತ್ತದೆ, ಮರುದಿನ ಬೊಬ್ಬೆ ಏಳುತ್ತದೆ, ಬಿಡದೆ ದುಡಿದರೆ ಜಡ್ಡುಗಟ್ಟುತ್ತದೆ. ಧ್ವನಿತಂತುಗಳ ಅಂಚಿನಲ್ಲೂ ಹೀಗೇ. ಎರಡೂ ಕಡೆ, ಹೆಚ್ಚು ಪೆಟ್ಟು ಬೀಳುವ ಅದೇ ಜಾಗದಲ್ಲಿ, ಎದುರುಬದುರು ಪುಟ್ಟ ಗಂಟುಗಳೇಳುತ್ತವೆ. ನಾಡ್ಯೂಲ್ ಅನ್ನುವುದು ಇವನ್ನೇ. ಹೆಸರು ಕೇಳಿ ಹೆದರಬೇಡಿ, ಇವು ಕ್ಯಾನ್ಸರ್ ಆಗುವುದಿಲ್ಲ. ಇದರ ದನಿಗೊಂದು ಲಕ್ಷಣವಿದೆ: ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ಒರಟು, ಸಂಜೆಗೆ ಸೋತಿರುತ್ತದೆ. ಬೇಸಿಗೆ ರಜೆಯಲ್ಲಿ ಸುಧಾರಿಸಿ ಶಾಲೆ ಶುರುವಾದ ಮೇಲೆ ಮತ್ತೆ ಕೆಡುತ್ತದೆ. ಒಂದೇ ಸಲ ಜೀವ ಹೋಗುವಂತೆ ಕಿರುಚಿದಾಗ ಒಳಗೊಂದು ಸಣ್ಣ ರಕ್ತನಾಳ ಒಡೆದು ಒಂದೇ ಕಡೆ ಪಾಲಿಪ್ ಎಂಬ ಮೆತ್ತನೆಯ ಉಬ್ಬು ಬೆಳೆಯುವುದೂ ಉಂಟು. ಊರ ಕಬಡ್ಡಿ ಪಂದ್ಯದ ಮರುದಿನದಿಂದ ಕೂತ ದನಿ ಏಳಲೇ ಇಲ್ಲ ಎನ್ನುವವರಲ್ಲಿ ಡಾಕ್ಟರು ಅದನ್ನು ಹುಡುಕುತ್ತಾರೆ.

ಮೂರನೆಯದು ಹೊಟ್ಟೆಯ ಆಮ್ಲ ಮೇಲೇರಿ ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಸುಡುವುದು. ಬೆಳಿಗ್ಗೆ ಏಳುವಾಗಲೇ ದನಿ ಒರಟು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಸದಾ ಕ್ಯಾಕರಿಸಬೇಕು ಅನ್ನಿಸುವುದು. ಎದೆಯುರಿ, ಹುಳಿತೇಗು ಇರಲೂಬಹುದು, ಇಲ್ಲದಿರಲೂಬಹುದು. ಕಾರಣ ನಿಜ, ಆದರೆ ಈಚೆಗೆ ಸಿಕ್ಕಸಿಕ್ಕ ಗೊಗ್ಗರು ದನಿಗೆಲ್ಲ ಇದೇ ಹೆಸರು ಅಂಟಿಸುತ್ತಿದ್ದಾರೆ. ಧ್ವನಿತಂತು ನೋಡದೆ, ಬರೀ ಗೊಗ್ಗರು ದನಿಗಾಗಿ ತಿಂಗಳುಗಟ್ಟಲೆ ಆಸಿಡಿಟಿ ಮಾತ್ರೆ ನುಂಗುವುದು ಸರಿಯಲ್ಲ. ಮೊದಲು ನೋಡಿಸಿ.

ಹೊಗೆಯ ವಿಷಯ ಬೇರೆಯಾಗಿಯೇ ಹೇಳಬೇಕು. ವರ್ಷಗಟ್ಟಲೆ ಸೇದಿದವರ ಧ್ವನಿತಂತುಗಳು ನೀರು ತುಂಬಿದ ಚೀಲದಂತೆ ಉಬ್ಬಿಕೊಂಡು ದನಿ ದಪ್ಪವಾಗುತ್ತದೆ. ಅದೇ ಹೊಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೂ ಮುಖ್ಯ ಕಾರಣ, ಕುಡಿತ ಸೇರಿದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಊರುಗಳಲ್ಲಿ "ಅಪ್ಪನ ದನಿ ಇತ್ತೀಚೆಗೆ ಹೀಗೇ, ಬೀಡಿ ಸೇದ್ತಾರಲ್ಲ" ಎಂದು ಹೇಳಿ ಸುಮ್ಮನಾಗುವ ಮನೆಗಳು ಎಷ್ಟೋ. ಆ ಮಾತು ಹೇಳುವ ಮನೆಯವರೇ ಅಪ್ಪನನ್ನು ಕರೆದುಕೊಂಡು ಹೋಗಬೇಕು. ಧ್ವನಿತಂತುವಿನ ಮೇಲೇ ಹುಟ್ಟುವ ಕ್ಯಾನ್ಸರ್ ಬಹಳ ಬೇಗ ದನಿ ಕೆಡಿಸುತ್ತದೆ, ಅಂದರೆ ಬಹಳ ಬೇಗ ಸುಳಿವು ಕೊಡುತ್ತದೆ. ಆ ಹಂತದಲ್ಲೇ ಸಿಕ್ಕರೆ ರೇಡಿಯೇಷನ್ನಿನಿಂದಲೋ ಲೇಸರ್ ಶಸ್ತ್ರಚಿಕಿತ್ಸೆಯಿಂದಲೋ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಗುಣವಾಗುತ್ತಾರೆ, ಧ್ವನಿಪೆಟ್ಟಿಗೆಯೂ ಉಳಿಯುತ್ತದೆ. ಆರು ತಿಂಗಳು ಕಾದು ಹೋದವರಿಗೆ ಈ ಮಾತು ಹೇಳಲಾಗುವುದಿಲ್ಲ.

ಗಂಟಲಿಗೆ ಸಂಬಂಧವೇ ಇಲ್ಲದ ಜಾಗದಿಂದಲೂ ದನಿ ಕೆಡುತ್ತದೆ. ಧ್ವನಿತಂತುಗಳನ್ನು ಆಡಿಸುವ ನರ ಮಿದುಳಿನಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎಡಗಡೆಯ ನರ ಎದೆಯೊಳಗಿಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನನ್ನು ಕೆಳಗಿನಿಂದ ಸುತ್ತಿ, ಮತ್ತೆ ಕುತ್ತಿಗೆಗೆ ಹತ್ತಿ ಬರುತ್ತದೆ. ಹೀಗಾಗಿ ಶ್ವಾಸಕೋಶದಲ್ಲಿ ಗಡ್ಡೆ, ಎದೆಯೊಳಗೆ ಊದಿದ ಗ್ರಂಥಿ, ಹಿಗ್ಗಿದ ಧಮನಿ ಇವುಗಳಲ್ಲಿ ಯಾವುದಾದರೂ ಆ ನರವನ್ನು ಒತ್ತಿದರೆ ಮೊದಲು ಕಾಣುವುದು ಗಾಳಿ ಸೋರುವ ದನಿ, ನೀರು ಕುಡಿದರೆ ಕೆಮ್ಮು. ಗಂಟಲು ನೋಡಿದ ಡಾಕ್ಟರು ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನ್ ಬರೆದರೆ "ಇದೇನು ಸುಲಿಗೆ" ಅಂದುಕೊಳ್ಳಬೇಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಥೈರಾಯ್ಡ್ ಕಡಿಮೆಯಾದರೆ ದನಿ ದಪ್ಪವಾಗಿ ಸುಸ್ತು, ಚಳಿ, ಮಲಬದ್ಧತೆ ಜೊತೆಗಿರುತ್ತವೆ. ಒಂದು ರಕ್ತಪರೀಕ್ಷೆ ಸಾಕು. ಅಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರಲ್ಲಿ ಔಷಧಿ ಧ್ವನಿಪೆಟ್ಟಿಗೆಯಲ್ಲಿ ಕೂತು ದನಿ ಕೆಡಬಹುದು; ಇನ್‌ಹೇಲರ್ ನಿಲ್ಲಿಸಬೇಡಿ, ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಹಾಕಿ ಎಳೆದುಕೊಂಡು ಪ್ರತಿಸಲ ಬಾಯಿ ಮುಕ್ಕಳಿಸಿ ಉಗುಳಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿತದ ಜೊತೆ ದನಿ ಕೂತಿದ್ದರೆ ಕಫ ಪರೀಕ್ಷೆ ಮಾಡಿಸಿ, ಕ್ಷಯ ಧ್ವನಿಪೆಟ್ಟಿಗೆಗೂ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ವಯಸ್ಸಾದಂತೆ ಧ್ವನಿತಂತುಗಳು ತೆಳುವಾಗಿ ದನಿ ಬಡವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆ ಕೈ ನಡುಕಕ್ಕೆ ಮುಂಚೆಯೇ ದನಿ ಇಳಿಸುವುದುಂಟು. ಸಾವು, ಅಪಘಾತದಂಥ ಆಘಾತದ ಮರುಗಳಿಗೆ ದನಿ ಪೂರ್ತಿ ನಿಂತುಹೋಗುವವರೂ ಇದ್ದಾರೆ. ಅವರು ನಟಿಸುತ್ತಿಲ್ಲ. ಗದರಬೇಡಿ, ಅವರಿಗೂ ಚಿಕಿತ್ಸೆ ಇದೆ.

ಹದಿಮೂರು-ಹದಿನಾಲ್ಕರ ಹುಡುಗರ ದನಿ ಒಡೆಯುವುದು ಬೆಳವಣಿಗೆ. ಅದಕ್ಕೆ ನಗಬೇಡಿ, ನಮ್ಮ ತರಗತಿಯಲ್ಲಿ ಅಂಥ ಹುಡುಗರು ಪದ್ಯ ಹೇಳುವುದನ್ನೇ ಬಿಟ್ಟುಬಿಡುತ್ತಾರೆ. ಚಿಕ್ಕ ಮಕ್ಕಳಲ್ಲಿ ಕಿರುಚಾಟದಿಂದ ಬರುವ ಗಂಟುಗಳು ದೊಡ್ಡವರಾಗುತ್ತ ಹೆಚ್ಚಾಗಿ ಕರಗುತ್ತವೆ. ಆದರೂ ಒಮ್ಮೆ ತೋರಿಸಿ ಖಾತ್ರಿ ಮಾಡಿಕೊಳ್ಳಿ, ಮಕ್ಕಳಲ್ಲಿ ವೈರಸ್ಸಿನಿಂದ ನರುಲಿಯಂಥ ಬೆಳವಣಿಗೆ ಬಂದು ಉಸಿರಿಗೆ ಅಡ್ಡವಾಗುವುದೂ ಉಂಟು.

ಮೊದಲ ವಾರ ಮನೆಯಲ್ಲಿ

ಅಪಾಯದ ಗುರುತು ಯಾವುದೂ ಇಲ್ಲದಿದ್ದರೆ ಹೀಗೆ ಮಾಡಿ.

ಎರಡು ಮೂರು ದಿನ ಮಾತು ಕಡಿಮೆ ಮಾಡಿ. ಪೂರ್ತಿ ಮೌನ ಬೇಕಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಕೇಳುವಷ್ಟು ಮೆಲುದನಿಯಲ್ಲಿ, ಚಿಕ್ಕ ಚಿಕ್ಕ ಮಾತು. ಪಿಸುಗುಟ್ಟಬೇಡಿ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಎಂದು ನಾನೂ ನಂಬಿದ್ದೆ. ಬಹಳ ಜನ ಪಿಸುಗುಟ್ಟುವಾಗ ಧ್ವನಿಪೆಟ್ಟಿಗೆಯನ್ನು ಇನ್ನಷ್ಟು ಬಿಗಿ ಹಿಡಿಯುತ್ತಾರೆ. ಕೋಣೆಯಿಂದ ಕೋಣೆಗೆ ಕೂಗುವ ಅಭ್ಯಾಸ ಬಿಟ್ಟು ಎದ್ದುಹೋಗಿ ಮಾತಾಡಿ.

ಕ್ಯಾಕರಿಸಬೇಡಿ. ಪ್ರತಿ ಕ್ಯಾಕರಿಕೆಯಲ್ಲೂ ಊದಿದ ಎರಡು ಅಂಚುಗಳು ಜೋರಾಗಿ ಬಡಿದುಕೊಳ್ಳುತ್ತವೆ. ಹಾಗೆನ್ನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ, ನೀರಿಲ್ಲದಿದ್ದರೆ ಎಂಜಲನ್ನೇ ಒತ್ತಿ ನುಂಗಿ. ಮೊದಲ ದಿನ ಕಷ್ಟ, ನಾಲ್ಕನೇ ದಿನಕ್ಕೆ ರೂಢಿಯಾಗುತ್ತದೆ.

ನೀರು ಚೆನ್ನಾಗಿ ಕುಡಿಯಿರಿ. ಅದು ತಂತುಗಳನ್ನು ನೇರ ಮುಟ್ಟುವುದಿಲ್ಲ ಎಂದೆ. ಮೈಯಲ್ಲಿ ನೀರಿದ್ದರೆ ಅವುಗಳ ಮೇಲಿನ ಲೋಳೆ ತೆಳುವಾಗಿ ಜಾರುತ್ತದೆ. ನೇರವಾಗಿ ತಲುಪುವುದು ಹಬೆ. ಪಾತ್ರೆಯನ್ನು ಒಲೆಯಿಂದ ಇಳಿಸಿ ಮೇಜಿನ ಮೇಲಿಟ್ಟು, ಬರೀ ನೀರಿನ ಹಬೆಯನ್ನು ಐದು ಹತ್ತು ನಿಮಿಷ ಬಾಯಲ್ಲಿ ಎಳೆದುಕೊಳ್ಳಿ. ಮಕ್ಕಳನ್ನು ಕುದಿನೀರಿನ ಮುಂದೆ ಕೂರಿಸಬೇಡಿ, ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಗುವನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಕಷಾಯಕ್ಕೆ ನನ್ನ ವಿರೋಧವಿಲ್ಲ. ಶುಂಠಿ, ಜೀರಿಗೆ, ಕಾಳುಮೆಣಸು, ಅರಿಶಿನದ ಹಾಲು, ಉಪ್ಪುನೀರಲ್ಲಿ ಗಳಗಳ ಎಲ್ಲವೂ ನೋವು ತುರಿಕೆಗೆ ಹಿತ. ಅಜ್ಜಿ ಕೊಟ್ಟ ಕಷಾಯದ ಬಿಸಿ ಗಂಟಲಿಗಿಳಿದಾಗ ಸಿಗುವ ನೆಮ್ಮದಿ ಸುಳ್ಳಲ್ಲ. ಜೇಷ್ಠಮಧು ಜಗಿಯುವವರು ಬಿಪಿ ಇದ್ದರೆ ಹುಷಾರು, ದಿನವೂ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿ. ಆಸಿಡಿಟಿ ಇರುವವರು ಮೆಣಸಿನ ಕಷಾಯ ಬಿಟ್ಟು ರಾತ್ರಿ ಊಟವನ್ನು ಮಲಗುವ ಮೂರು ಗಂಟೆ ಮೊದಲೇ ಮುಗಿಸುವುದು ಲೇಸು.

ಇವತ್ತು ರಾತ್ರಿ ಕಾರ್ಯಕ್ರಮವಿದೆ, ಏನಾದರೂ ಇಂಜೆಕ್ಷನ್ ಕೊಡಿ ಎಂದು ಕೇಳುವ ಕಲಾವಿದರಿಗೆ ಒಂದು ಮಾತು. ಸ್ಟಿರಾಯ್ಡ್ ಊತ ಇಳಿಸಿ ದನಿ ಎಬ್ಬಿಸಬಹುದು. ಒಳಗೆ ರಕ್ತ ಒಸರಿದ್ದರೆ ಅದರ ಮೇಲೆ ಹಾಡಿದ ಒಂದು ರಾತ್ರಿ ದನಿಯನ್ನು ಶಾಶ್ವತವಾಗಿ ಕೆಡಿಸಬಹುದು. ತಂತುಗಳನ್ನು ನೋಡದೆ ಯಾರು ಕೊಡುತ್ತೇನೆಂದರೂ ಚುಚ್ಚಿಸಿಕೊಳ್ಳಬೇಡಿ.

ಮೂರು ವಾರವಾದರೂ ಏಳದಿದ್ದರೆ

ಕ್ಯಾಲೆಂಡರ್ ನೋಡಿ. ನೆಗಡಿಯ ಗೊಗ್ಗರು ಇಷ್ಟರಲ್ಲಿ ಹೋಗಿರಬೇಕು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ನಾಲ್ಕು ವಾರ ಮೀರಿದ ಗೊಗ್ಗರು ದನಿಗೆ ಧ್ವನಿಪೆಟ್ಟಿಗೆ ನೋಡಲೇಬೇಕು ಎನ್ನುತ್ತದೆ. ನಮ್ಮಲ್ಲಿ ಊರಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ಚೀಟಿ ಮಾಡಿಸುವುದರಲ್ಲೇ ಒಂದು ವಾರ ಹೋಗುತ್ತದೆ. ಆದ್ದರಿಂದ ಮೂರಕ್ಕೆ ಹೊರಡಿ ಅನ್ನುತ್ತೇನೆ.

ಜಿಲ್ಲಾಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದನಿಯ ತೊಂದರೆಗೆ ತಪಾಸಣೆ ಮತ್ತು ಥೆರಪಿ (ದನಿ ಬಳಸುವ ರೀತಿಯನ್ನು ತಿದ್ದುವ ಅಭ್ಯಾಸ) ಎರಡೂ ಅಲ್ಲಿ ಸಿಗುತ್ತವೆ, ಅದು ನಮ್ಮ ರಾಜ್ಯದ ಭಾಗ್ಯ. ಹೋಗುವಾಗ ಫೋನಿನ ರೆಕಾರ್ಡಿಂಗ್, ದನಿ ಕೆಟ್ಟ ತಾರೀಖು, ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಹಿಂದಿನ ಆಪರೇಷನ್ ಚೀಟಿ ಒಯ್ಯಿರಿ. ಸೇದುವುದು, ಕುಡಿಯುವುದು ಇದ್ದರೆ ಮುಚ್ಚಿಡಬೇಡಿ.

"ಗಂಟಲು ನೋಡಿ" ಎನ್ನುವ ಬದಲು "ಧ್ವನಿತಂತು ನೋಡಬೇಕು, ಸ್ಕೋಪಿ ಮಾಡ್ತೀರಾ?" ಎಂದು ಕೇಳಿ. ನನಗೆ ಮಾಡಿದ್ದು ಹೀಗೆ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿದರು, ಕಹಿ. ಐದು ನಿಮಿಷದಲ್ಲಿ ಗಂಟಲು ಇನ್ಯಾರದೋ ಅನ್ನಿಸತೊಡಗಿತು. ಡಾಕ್ಟರು ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಮುಂದಕ್ಕೆಳೆದರು, ಪೆನ್ಸಿಲಿನಂಥ ಕೊಳವೆಯನ್ನು ಬಾಯೊಳಗೆ ತಂದು "ಈ... ಅನ್ನಿ" ಅಂದರು. ವಾಕರಿಕೆ ಬರುವವರಿಗೆ, ಮಕ್ಕಳಿಗೆ ಮೂಗಿನಿಂದ ದಾರದಂಥ ತೆಳು ಕೊಳವೆ ಹಾಕುತ್ತಾರೆ. ನೋವಿಲ್ಲ, ಕಸಿವಿಸಿ ಅಷ್ಟೆ, ಒಂದೆರಡು ನಿಮಿಷ. ಮರಗಟ್ಟಿದ್ದು ಬಿಡುವವರೆಗೆ ನೀರು ಕುಡಿಯಬಾರದು.

ಪಕ್ಕದ ಪರದೆಯಲ್ಲಿ ಕಂಡವು ಎರಡು ಬಿಳಿ ಪಟ್ಟಿಗಳು, ಮುತ್ತಿನ ಬಣ್ಣ. ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಎರಡೂ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಉಬ್ಬು. "ಈ" ಎಂದಾಗ ಆ ಎರಡು ಕಾಳು ಮೊದಲು ತಾಗಿ, ಹಿಂದೆ ಮುಂದೆ ಸಂದು ಉಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ದನಿ ಅದು. ನನಗೆ ಅಳು ಬಂತು. ಡಾಕ್ಟರಮ್ಮ ಬೇರೊಂದು ಮಿಂಚುವ ದೀಪ ಹಾಕಿ ಮತ್ತೆ ತೋರಿಸಿದರು. ಟ್ಯೂಬ್‌ಲೈಟಿನ ಕೆಳಗೆ ಫ್ಯಾನಿನ ರೆಕ್ಕೆ ನಿಂತಂತೆ ಕಾಣುತ್ತದಲ್ಲ, ಹಾಗೆ ಆ ದೀಪದಲ್ಲಿ ಸೆಕೆಂಡಿಗೆ ಇನ್ನೂರು ಸಲದ ನಡುಕ ನಿಧಾನವಾಗಿ ಅಲೆ ಅಲೆಯಾಗಿ ಕಂಡಿತು. ಅದಕ್ಕೆ ಸ್ಟ್ರೋಬೋಸ್ಕೋಪಿ ಅನ್ನುತ್ತಾರೆ.

ಅಲ್ಲಿಂದ ಏಳುವ ಮುಂಚೆ ಇಷ್ಟು ಕೇಳಿಕೊಳ್ಳಿ: ಎರಡೂ ಕಡೆ ಸರಿಯಾಗಿ ಅಲುಗಾಡುತ್ತಿವೆಯೇ? ಬಿಳಿ ಮಚ್ಚೆ, ಹುಣ್ಣು, ಅನುಮಾನದ್ದು ಏನಾದರೂ ಇದೆಯೇ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೇ? ಥೆರಪಿ ಸಾಕೇ, ಆಪರೇಷನ್ ಬೇಕೇ? ಮತ್ತೆ ಯಾವಾಗ ನೋಡುತ್ತೀರಿ? ನಾಡ್ಯೂಲಿಗೆ ಮೊದಲ ಚಿಕಿತ್ಸೆ ವಾಯ್ಸ್ ಥೆರಪಿ. ಕತ್ತರಿಸಿದರೂ ಕೂಗುವ ರೀತಿ ಬದಲಾಗದಿದ್ದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತವೆ.

ಥೆರಪಿಯಲ್ಲಿ ಕಲಿತ ಒಂದು ಅಭ್ಯಾಸ

ವಾರಕ್ಕೊಮ್ಮೆಯಂತೆ ಎಂಟು ವಾರ ಹೋದೆ. ಅಲ್ಲಿ ಕಲಿಸಿದ್ದರಲ್ಲಿ ಮನೆಯಲ್ಲಿ ಯಾರಾದರೂ ಮಾಡಬಹುದಾದ್ದು ಸ್ಟ್ರಾ ಅಭ್ಯಾಸ. ತಪಾಸಣೆ ಮುಗಿದ ಮೇಲೆ ಮಾಡಿ, ತಪಾಸಣೆಯ ಬದಲಿಗೆ ಮಾಡಬೇಡಿ.

1. ಲೋಟದಲ್ಲಿ ಅರ್ಧ ನೀರು. ಸ್ಟ್ರಾದ ತುದಿ ನೀರಿನೊಳಗೆ ಎರಡು ಬೆರಳಗಲ ಇರಲಿ.
2. ತುಟಿ ಸ್ಟ್ರಾವನ್ನು ಸುತ್ತ ಮುಚ್ಚಿರಲಿ, ಕೆನ್ನೆ, ಭುಜ ಸಡಿಲ. ದನಿಯಿಲ್ಲದೆ ಮೆತ್ತಗೆ ಊದಿ ಗುಳ್ಳೆ ಎಬ್ಬಿಸಿ.
3. ಗುಳ್ಳೆ ಏಳುತ್ತಿರುವಾಗಲೇ "ಊ" ಸೇರಿಸಿ. ಗುಳ್ಳೆ ತಡೆದು ತಡೆದು ಬಂದರೆ ಉಸಿರು ಒಂದೇ ಸಮ ಇಲ್ಲ ಎಂದರ್ಥ.
4. "ಊ" ಅನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಒತ್ತಾಯಿಸಬೇಡಿ.
5. ನಿಮಗೆ ಬರುವ ಯಾವುದಾದರೂ ಪದ್ಯದ ಧಾಟಿಯನ್ನು ಸ್ಟ್ರಾದೊಳಗೇ ಗುನುಗಿ.
6. ಸ್ಟ್ರಾ ತೆಗೆದು "ಮ್ಮ್ಮ್" ಎನ್ನಿ, ತುಟಿ ಮೂಗು ಜುಮ್ಮೆನ್ನಬೇಕು. ಅದೇ ಜುಮ್ಮಿನಲ್ಲಿ "ಮಳೆ... ಮನೆ... ಮಾಮರ" ಎಂದು ಹೇಳುತ್ತ ಮಾತಿಗೆ ಬನ್ನಿ.

ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ತಲೆ ಸುತ್ತಿದರೆ, ನೋವಾದರೆ ನಿಲ್ಲಿಸಿ. ಸ್ಟ್ರಾದಿಂದ ಗಾಳಿ ಸರಾಗ ಹೊರಹೋಗದೆ ಬಾಯಲ್ಲಿ ಸ್ವಲ್ಪ ಒತ್ತಡ ಕಟ್ಟಿಕೊಳ್ಳುತ್ತದೆ, ಆ ಒತ್ತಡ ಧ್ವನಿತಂತುಗಳಿಗೆ ಮೆತ್ತೆಯಂತಾಗಿ ಅವು ಬಡಿದುಕೊಳ್ಳುವ ಬದಲು ಹಗುರಾಗಿ ತಾಗುತ್ತವೆ. ಇದನ್ನು ಕೇಳಿದಾಗ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮೂರು ತಿಂಗಳ ನಂತರದ ಸ್ಕೋಪಿಯಲ್ಲಿ ಎಡಗಡೆಯ ಕಾಳು ಇರಲಿಲ್ಲ, ಬಲಗಡೆಯದು ಗುರುತು ಮಾತ್ರ ಉಳಿದಿತ್ತು.

ಮತ್ತೆ ತರಗತಿಗೆ

ದನಿ ಬಂದ ಮೇಲೆ ಅದೇ ತಗಡಿನ ಕೊಠಡಿಗೆ ಹೋಗಬೇಕಲ್ಲ. ಸೊಂಟಕ್ಕೆ ಕಟ್ಟುವ ಪುಟ್ಟ ಮೈಕ್ ಕೊಂಡೆ. ಮೊದಲ ದಿನ ಸಹೋದ್ಯೋಗಿಗಳು ತಮಾಷೆ ಮಾಡಿದರು, ಈಗ ಇಬ್ಬರು ತಾವೂ ತಂದಿದ್ದಾರೆ. ನನ್ನ ಅನುಭವದಲ್ಲಿ ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಉಪಕಾರಿ ಬೇರೆ ಇಲ್ಲ. ಗಲಾಟೆ ನಿಲ್ಲಿಸಲು ಕೂಗುವುದಿಲ್ಲ. ಮೂರು ಚಪ್ಪಾಳೆ ತಟ್ಟುತ್ತೇನೆ, ಮಕ್ಕಳು ಎರಡು ತಟ್ಟಿ ಸುಮ್ಮನಾಗಬೇಕು ಎಂಬುದು ಒಪ್ಪಂದ. ಬೋರ್ಡಿನ ಕಡೆ ತಿರುಗಿ ಬರೆಯುತ್ತ ಮಾತಾಡುವುದಿಲ್ಲ. ಒಣ ಡಸ್ಟರಿನ ಬದಲು ಒದ್ದೆ ಬಟ್ಟೆ. ಎರಡು ಪೀರಿಯಡ್ಡಿನ ನಡುವೆ ಹತ್ತು ನಿಮಿಷವಾದರೂ ದನಿಗೆ ಬಿಡುವು ಸಿಗುವಂತೆ ವೇಳಾಪಟ್ಟಿ ಬದಲಿಸಿಕೊಡಿ ಎಂದು ಮುಖ್ಯ ಶಿಕ್ಷಕರನ್ನು ಕೇಳಿದೆ, ಕೊಟ್ಟರು. ಕೇಳದೆ ಅಷ್ಟು ವರ್ಷ ಕಳೆದಿದ್ದೆ.

ತಿಂಗಳಿಗೊಮ್ಮೆ, ಒಂದನೇ ತಾರೀಖು, ಅದೇ ನಾಲ್ಕು ಸಾಲು ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. "ಆ" ಈಗ ಹದಿನೇಳು ಸೆಕೆಂಡಿನವರೆಗೆ ನಿಲ್ಲುತ್ತದೆ. ತಗಡಿನ ಮೇಲೆ ಮಳೆ ಜೋರಾದರೆ ಪದ್ಯ ನಿಲ್ಲಿಸಿ ಬರೆಯುವ ಕೆಲಸ ಕೊಡುತ್ತೇನೆ. ಹೋದ ಜುಲೈಯಲ್ಲಿ ಹಾಗೆ ಒಂದು ಗಂಟೆ ಹೊತ್ತು ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರು, ನಾನು ಕುರ್ಚಿಯಲ್ಲಿ ಕೂತು ಲೋಟದಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಊದುತ್ತಿದ್ದೆ. ಮಳೆ ನಿಂತ ಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಮಿಸ್, ಈಗ ಓದ್ಬಹುದು" ಅಂದಳು.